ಮೆಕ್ಸಿಕೊದವರ ‘ಅಓರೀತಾ’ ಅಂದರೆ ಯಾವಾಗ? ಸ್ಪ್ಯಾನಿಷ್ ಬಲ್ಲವರು ಹೇಳಿ

ಗಂಜ್ ಮೇಲ್ಮನೆ, ಕಲಬುರಗಿ

ನಮಸ್ಕಾರ. ಇಲ್ಲಿ ಜರ್ಮನ್, ಫ್ರೆಂಚ್ ಕಲಿತವರೇ ಜಾಸ್ತಿ ಅಂತ ಗೊತ್ತು. ಸ್ಪ್ಯಾನಿಷ್ ಬಲ್ಲವರೂ ಯಾರಾದರೂ ಇದ್ದೇ ಇರುತ್ತಾರೆ ಅಂದುಕೊಂಡು ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹೈದರಾಬಾದಿನ ಇಫ್ಲುವಿನಲ್ಲಿ, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ, ಸ್ಪ್ಯಾನಿಷ್ ಓದಿದವಳು. ಮದುವೆಯಾಗಿ ಕಲಬುರಗಿಗೆ ಬಂದೆ. ಮಾವನವರಿಗೆ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಕೋಣೆಯಲ್ಲಿ ಕೂತು ನಾನು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಕಥೆ, ಕವಿತೆ ಅಂತ ಏನೂ ಇಲ್ಲ. ಮನೆಮನೆಗೆ ದಿನಸಿ ತಲುಪಿಸುವ ಒಂದು ಕಂಪನಿಗೆ ಗಿರಾಕಿಗಳು ಕಳಿಸುವ ವಾಯ್ಸ್ ಮೆಸೇಜುಗಳು, ಅಷ್ಟೇ. ಮೆಕ್ಸಿಕೊದವರು ಹೆಚ್ಚು. ಆಮೇಲೆ ಕೊಲಂಬಿಯಾ, ಪೋರ್ಟೊ ರಿಕೊ. ಮೊದಲು ಮಷಿನ್ ಒಂದು ಕರಡು ಕೊಡುತ್ತದೆ. ನಾನು ಕೇಳಿ ತಿದ್ದುತ್ತೇನೆ. ನನ್ನ ಮೇಲೆ ಒಬ್ಬ ರಿವ್ಯೂವರ್ ಇದ್ದಾರೆ. ಕೊನೆಗೆ ಇಂಗ್ಲಿಷ್ ಮಾತ್ರ ಬಲ್ಲ ತಂಡವೊಂದು ಅದನ್ನು ಓದಿ ಕೆಲಸ ಮಾಡುತ್ತದೆ. ನನ್ನ ತಕರಾರು ಆ ರಿವ್ಯೂವರ್ ಜೊತೆ.

ಮೊದಲನೆಯದು ಇದು. ಮೆಕ್ಸಿಕೊದ ಒಬ್ಬ ಹೆಣ್ಣುಮಗಳು, “ಅಓರೀತಾ ಲೆ ಮಾಂದೊ ಎಲ್ ಕೊಂಪ್ರೊಬಾಂತೆ” ಅಂದರು. ಹಣ ಕಟ್ಟಿದ ರಸೀದಿ ಕಳಿಸುತ್ತೇನೆ ಅಂತ. ಯಾವಾಗ ಅನ್ನೋದೇ ಪ್ರಶ್ನೆ. ‘ಅಓರಾ’ ಅಂದರೆ ಈಗ. ಅದಕ್ಕೆ ‘ಈತಾ’ ಹಚ್ಚಿದರೆ ‘ಪುಟ್ಟ ಈಗ’ ಆಗಬೇಕು. ಆದರೆ ಆಡುಮಾತಿನಲ್ಲಿ ಅದು ಹಿಗ್ಗುತ್ತದೆ. ನಾನು “ಐ ವಿಲ್ ಸೆಂಡ್ ಯು ದಿ ರಿಸೀಟ್ ಇನ್ ಎ ಬಿಟ್” ಅಂತ ಬರೆದೆ. ರಿವ್ಯೂವರ್ ಅದನ್ನು ಹೊಡೆದುಹಾಕಿ “ಐ ಆಮ್ ಸೆಂಡಿಂಗ್ ಇಟ್ ರೈಟ್ ನೌ” ಮಾಡಿದರು. ಮೇಲೆ ನನಗೆ ಅಂಕ ಕಡಿತ. ತಂಡದವರು ಆ ‘ರೈಟ್ ನೌ’ ನಂಬಿ ಸ್ವಲ್ಪ ಹೊತ್ತು ಕಾದರು. ರಸೀದಿ ಬರಲಿಲ್ಲ. ಆರ್ಡರ್ ರದ್ದು ಮಾಡಿದರು. ಆ ಹೆಣ್ಣುಮಗಳು ಸಂಜೆ ನಿಧಾನಕ್ಕೆ ರಸೀದಿ ಕಳಿಸಿ, ನನ್ನ ಸಾಮಾನು ಎಲ್ಲಿ ಅಂತ ಕೇಳಿದರು. ಅವರ ಲೆಕ್ಕದಲ್ಲಿ ಅವರು ಮಾತು ತಪ್ಪಿರಲಿಲ್ಲ.

ನಮ್ಮ ಅಂಗಡಿಗೆ ಹಮಾಲರನ್ನು ಕರೆದರೆ “ಈಗ ಬಂದೆ ರೀ ಸಾವಕಾರ್ರೆ” ಅನ್ನುತ್ತಾರೆ. ‘ಬಂದೆ’ ಅಂತ ಆಗಲೇ ಆಗಿಹೋದ ಹಾಗೆ ಹೇಳುತ್ತಾರೆ. ಮನುಷ್ಯ ಇನ್ನೂ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಯಾರೂ ಸುಳ್ಳು ಅನ್ನುವುದಿಲ್ಲ. ಇದನ್ನು ರಿವ್ಯೂವರ್‌ಗೆ ಹೇಗೆ ಹೇಳೋದು?

ಎರಡನೆಯದು. ಒಬ್ಬ ತಾಯಿ ಮೆಸೇಜ್ ರೆಕಾರ್ಡ್ ಮಾಡುತ್ತಿರುವಾಗ ಹಿಂದಿನಿಂದ ಮಗ “ಅಓರೀತಾ ಬೆಂಗೊ!” ಅಂತ ಕೂಗುತ್ತಾನೆ. ಬಾಗಿಲು ಹಾಕಿದ ಸದ್ದು ಕೇಳುತ್ತದೆ. ಕರಡಿನಲ್ಲಿ “ಐ ಆಮ್ ಕಮಿಂಗ್ ನೌ” ಅಂತಿತ್ತು. ಹುಡುಗ ಹೊರಗೆ ಹೋಗುತ್ತಿದ್ದಾನೆ, ಒಳಗೆ ಬರುತ್ತಿಲ್ಲ. ನಾವೂ ಹೋಗುವಾಗ “ಬರ್ತೀನಿ” ಅಂತಲೇ ಅಲ್ವಾ ಹೇಳೋದು? ಹಾಗಾಗಿ ನನಗೆ ಅದು ಕೂಡಲೇ ತಿಳಿಯಿತು. “ಐ ವಿಲ್ ಬಿ ರೈಟ್ ಬ್ಯಾಕ್” ಅಂತ ತಿದ್ದಿದೆ. ರಿವ್ಯೂವರ್ ಮತ್ತೆ ‘ಕಮಿಂಗ್’ಗೆ ತಂದಿಟ್ಟರು. ಕ್ರಿಯಾಪದ ‘ಬರು’ ಇದೆ, ನೀವು ‘ಹೋಗು’ ಯಾಕೆ ತಂದಿರಿ ಅಂತ ಷರಾ.

ಮೂರನೆಯದು ಸಣ್ಣದು, ಆದರೆ ದಿನಾ ಬರುತ್ತದೆ. “ಫೀಹೆಸೆ ಕೆ ನೊ ಯೆಗೊ ಲಾ ಲೆಚೆ.” ಹಾಲು ಬಂದಿಲ್ಲ ಅಂತ ವಿಷಯ. ಆ ‘ಫೀಹೆಸೆ ಕೆ’ಗೆ ರಿವ್ಯೂವರ್ “ಪ್ಲೀಸ್ ನೋಟ್ ದ್ಯಾಟ್” ಹಾಕುತ್ತಾರೆ. ಅಕ್ಷರಕ್ಕೆ ಅಕ್ಷರ ಸರಿ, ‘ಗಮನಿಸಿ’ ಅಂತಲೇ ಅದರ ಅರ್ಥ. ಆದರೆ ಓದಿದರೆ ವಕೀಲರ ನೋಟಿಸ್ ಬಂದ ಹಾಗಿದೆ. ಅಲ್ಲಿ ಮಾತಾಡುತ್ತಿರುವವರು ಪಾಪ ಸಂಕೋಚದಿಂದ ಹೇಳುತ್ತಿದ್ದಾರೆ. ನಮ್ಮ ಕಡೆ ಕೆಟ್ಟ ಸುದ್ದಿ ಹೇಳೋ ಮುಂಚೆ “ಏನಾಗ್ಯಾದಂದ್ರ್ರೀ...” ಅಂತ ಶುರು ಮಾಡುತ್ತೇವಲ್ಲ, ಥೇಟ್ ಅದೇ.

ನನ್ನ ಪ್ರಶ್ನೆ: ಇಂಥ ಮಾತಿನಲ್ಲಿ ಅನುವಾದಕಿ ಎಷ್ಟು ದೂರ ಹೋಗಬಹುದು? ಅರ್ಥ ಎರಡಿದ್ದರೆ ಒಂದನ್ನು ನಾನೇ ಆರಿಸಬೇಕಾ, ಟಿಪ್ಪಣಿ ಹಾಕಬೇಕಾ? ಎಲ್ಲದಕ್ಕೂ ಟಿಪ್ಪಣಿ ಹಾಕುತ್ತಾ ಕೂತರೆ ಈ ರೇಟಿಗೆ ಕೆಲಸ ಸಾಗುವುದಿಲ್ಲ.

---

ಕೋಟೆ ಹಿಂದಿನ ಮನೆ, ಬೀದರ್

ಅಕ್ಕಾ, ನಾನು ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಮೆಕ್ಸಿಕೊದ ಮೊಂತೆರ್ರೆಯ್‌ನಲ್ಲಿ ಇದ್ದು ಬಂದವನು. ನಿಮ್ಮ ಕಿವಿ ಸರಿಯಾಗಿದೆ. ರಿವ್ಯೂವರ್ ಮಾಡಿದ್ದು ಪುಸ್ತಕದ ಸ್ಪ್ಯಾನಿಷ್.

ಆದರೆ ‘ಅಓರೀತಾ’ ಯಾವಾಗಲೂ ‘ಇನ್ ಎ ಬಿಟ್’ ಅಂತ ಹಿಡಿದುಕೊಳ್ಳಬೇಡಿ. ಜೊತೆಗಿರುವ ಕ್ರಿಯಾಪದ ನೋಡಿ. “ಅಓರೀತಾ ಎಸ್ತೊಯ್ ಓಕುಪಾದೊ” ಅಂದರೆ ಈ ಕ್ಷಣ ಕೆಲಸದಲ್ಲಿದ್ದೇನೆ. ಅಲ್ಲಿ ಧೈರ್ಯವಾಗಿ ‘ರೈಟ್ ನೌ’ ಬರೆಯಿರಿ. ಸ್ಥಿತಿ ಹೇಳುವಾಗ ಅದು ಗಟ್ಟಿ ‘ಈಗ’. ಮುಂದೆ ಮಾಡುವ ಕೆಲಸದ ಮಾತು ಬಂದಾಗ ಮಾತ್ರ ರಬ್ಬರ್ ಆಗುತ್ತದೆ. ಐದು ನಿಮಿಷವೂ ಆಗಬಹುದು, ಸಂಜೆಯೂ ಆಗಬಹುದು. ಆಗದೆಯೂ ಇರಬಹುದು. ಇನ್ನೊಂದು ಇದೆ, “ಅಓರೀತಾ ನೊ, ಗ್ರಾಸಿಯಾಸ್”. ಬೀದಿಯಲ್ಲಿ ಮಾರುವವರು ಹತ್ತಿರ ಬಂದರೆ ಹೀಗೆ ಅನ್ನುತ್ತಾರೆ. ಅದಕ್ಕೂ ಕಾಲಕ್ಕೂ ಸಂಬಂಧವೇ ಇಲ್ಲ. ‘ಬೇಡಪ್ಪಾ’ ಅನ್ನೋದನ್ನು ಮೆತ್ತಗೆ ಹೇಳಿದ್ದು. ‘ನಾಟ್ ರೈಟ್ ನೌ’ ಅಂತ ಬರೆದರೆ ನಿಮ್ಮ ತಂಡ ಸಂಜೆ ಮತ್ತೆ ಫೋನ್ ಹಚ್ಚುತ್ತದೆ!

ಪೋರ್ಟೊ ರಿಕೊದವರ ಬಾಯಲ್ಲಿ ಅದೇ ಪದಕ್ಕೆ ‘ಆಮೇಲೆ’ ಅಂತಲೇ ಅರ್ಥ. ಅಲ್ಲಿ ‘ರೈಟ್ ನೌ’ ಅಂದರೆ ಪೂರಾ ಉಲ್ಟಾ.

ಇನ್ನೊಂದು ಮಜಾ. ‘ಲುವೆಗೊ’ ಅಂದರೆ ಆಮೇಲೆ. ಆದರೆ ಮೆಕ್ಸಿಕೊದಲ್ಲಿ ‘ಲುವೆಗೊ ಲುವೆಗೊ’ ಅಂತ ಎರಡು ಸಲ ಅಂದರೆ ತಕ್ಷಣ, ಕೂಡಲೇ. ಮಷಿನ್‌ಗೆ ಇದು ಸಿಕ್ಕರೆ ‘ಲೇಟರ್ ಲೇಟರ್’ ಅಂತ ಬರೆದಾತು. ‘ಯಾ ಮೆರೊ’ ಅಂದರೆ ಇನ್ನೇನು ಆಯಿತು. ನನ್ನ ಮನೆ ಮಾಲೀಕರು ನಲ್ಲಿ ರಿಪೇರಿಗೆ ಮೊದಲು ‘ಅಓರೀತಾ’ ಅಂದರು, ಆಮೇಲೆ ‘ಯಾ ಮೆರೊ’ ಅಂದರು. ನಲ್ಲಿ ಸೋರುತ್ತಲೇ ಇತ್ತು.

‘ಫೀಹೆಸೆ ಕೆ’ಗೆ ನಾನಾಗಿದ್ದರೆ ‘ದಿ ಥಿಂಗ್ ಈಸ್’ ಹಾಕುತ್ತಿದ್ದೆ. ಅಥವಾ ‘ಐ ಆಮ್ ಅಫ್ರೇಡ್’. ಎರಡರಲ್ಲೂ ಮುಂದೆ ಏನೋ ಸರಿಯಿಲ್ಲ ಅನ್ನುವ ಸೂಚನೆ ಇದೆ.

---

ಸಗರನಾಡಿನವ, ಯಾದಗಿರಿ

ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಸುಮ್ನೆ ಓದುತ್ತಿದ್ದೆ. ಇದರಲ್ಲಿ ಏನು ಆಶ್ಚರ್ಯ ಅಕ್ಕಾರೆ? ನಮ್ಮ ದಖ್ಖನಿಯಲ್ಲಿ ‘ಪರ್ಸೋಂ’ ಅಂದರೆ ಹಿಂದಿಯವರ ಹಾಗೆ ಮೊನ್ನೆ ಇಲ್ಲವೆ ನಾಡಿದ್ದು ಮಾತ್ರ ಅಲ್ಲ. ಮೊನ್ನೆ, ಹೋದ ವರ್ಷ, ಲಗ್ನಕ್ಕೆ ಮುಂಚೆ, ಎಲ್ಲಾ ‘ಪರ್ಸೋಂ’. ನಮ್ಮ ಓಣಿಯ ಟೇಲರ್ “ಪರ್ಸೋಂ ದುಕಾನ್ ಖೋಲ್ಯಾ” ಅಂದ. ಬೋರ್ಡ್ ಮೇಲೆ ಇಸವಿ ನೋಡಿದರೆ ನಾನಿನ್ನೂ ಹುಟ್ಟಿರಲಿಲ್ಲ. ನಿಮ್ಮ ರಿವ್ಯೂವರ್‌ನ ಯಾದಗಿರಿಗೆ ಕಳಿಸಿ, ನಾವು ತಯಾರು ಮಾಡಿಕೊಡುತ್ತೇವೆ.

---

ಆಳಂದ ರಸ್ತೆ ಮೇಷ್ಟ್ರು

ಬೀದರ್‌ನವರು ಹೇಳಿದ್ದು ಒಪ್ಪಿದೆ. ಆದರೂ ರಿವ್ಯೂವರ್ ಪರವಾಗಿ ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ನಾನು ಬಹಳ ಕಾಲ ಸ್ಪ್ಯಾನಿಷ್ ಕಲಿಸಿದವನು.

‘ರೈಟ್ ನೌ’ ತಪ್ಪು, ನಿಜ. ನಿಮ್ಮ ‘ಇನ್ ಎ ಬಿಟ್’ ಕೂಡ ಒಂದು ತೀರ್ಮಾನವೇ ಅಲ್ಲವೇ ತಾಯಿ? ಆ ಹೆಣ್ಣುಮಗಳು ಕಾಲವನ್ನು ಬೇಕಂತಲೇ ಸಡಿಲ ಬಿಟ್ಟಿದ್ದಾರೆ. ನೀವು ಅದನ್ನು ಬಿಗಿ ಮಾಡಿದಿರಿ. ರಿವ್ಯೂವರ್ ಇನ್ನೂ ಬಿಗಿ ಮಾಡಿದರು. ಅಷ್ಟೇ ಸಡಿಲವಾದ ಇಂಗ್ಲಿಷ್ ಮಾತು ಹುಡುಕಬೇಕು. ‘ಇನ್ ಜಸ್ಟ್ ಎ ಮಿನಿಟ್’ ಅಂತ ಇದೆ. ಅದನ್ನು ಕೇಳಿ ಯಾರೂ ಗಡಿಯಾರ ನೋಡುವುದಿಲ್ಲ. ಹೇಳುವವರಿಗೆ ಒಳ್ಳೆಯ ಮನಸ್ಸಿದೆ, ಹೊತ್ತು ಗೊತ್ತಿಲ್ಲ ಅನ್ನೋದು ಎರಡೂ ಅದರಲ್ಲಿ ಬಂತು. ಎರಡು ಅರ್ಥದಲ್ಲಿ ಒಂದನ್ನು ಆರಿಸುವ ಮೊದಲು, ಎರಡೂ ಅರ್ಥ ಉಳಿಯುವ ಇಂಗ್ಲಿಷ್ ಇದೆಯಾ ಅಂತ ನೋಡಿ. ಬಹಳ ಸಲ ಇರುತ್ತದೆ. ಇಲ್ಲದಾಗ ಮಾತ್ರ ಟಿಪ್ಪಣಿ.

ಮತ್ತೆ, ದೇಶ ಕೇಳದೆ ಅರ್ಥ ಹೇಳಬೇಡಿ. ಸುಮಾರು 20 ದೇಶಗಳಲ್ಲಿ ಸ್ಪ್ಯಾನಿಷ್ ಸರ್ಕಾರದ ಭಾಷೆ. ಒಂದು ಕಡೆಯ ಸಭ್ಯ ಮಾತು ಇನ್ನೊಂದು ಕಡೆ ಬೈಗುಳ. ಸ್ಪೇನ್‌ನಲ್ಲಿ ಬಸ್ ಹಿಡಿಯುವುದಕ್ಕೆ ಬಳಸುವ ಕ್ರಿಯಾಪದವನ್ನು ಮೆಕ್ಸಿಕೊದಲ್ಲಿ ಹಿರಿಯರ ಮುಂದೆ ಆಡುವ ಹಾಗಿಲ್ಲ. ‘ಗ್ವಾಗ್ವಾ’ ಅಂದರೆ ಕ್ಯೂಬಾ, ಪೋರ್ಟೊ ರಿಕೊಗಳಲ್ಲಿ ಬಸ್ಸು, ಚಿಲಿಯಲ್ಲಿ ಹಸುಗೂಸು. ‘ತೋರ್ತಾ’ ಮೆಕ್ಸಿಕೊದಲ್ಲಿ ಸ್ಯಾಂಡ್‌ವಿಚ್, ಅರ್ಜೆಂಟೀನಾದಲ್ಲಿ ಕೇಕು. ಸ್ಪೇನ್‌ನಲ್ಲಿ ಕಪಾಳಕ್ಕೆ ಬಿದ್ದರೂ ‘ತೋರ್ತಾ’. ದಿನಸಿ ಕಂಪನಿಗೆ ಇದು ಸಣ್ಣ ವಿಷಯವಲ್ಲ.

ನೀವು ಯಾವ ನಿಘಂಟು ನೋಡುತ್ತೀರಿ? ಸ್ಪ್ಯಾನಿಷ್ ಭಾಷೆಗೆ ಅಂತಲೇ ಇರುವ ಮ್ಯಾಡ್ರಿಡ್‌ನ ರಿಯಾಲ್ ಅಕಾಡೆಮಿ 1713ರಲ್ಲಿ ಶುರುವಾದದ್ದು. ಅದರ ದೊಡ್ಡ ನಿಘಂಟು ಒಳ್ಳೆಯದೇ. ಆದರೆ ನಿಮ್ಮ ಕೆಲಸಕ್ಕೆ ಬೇಕಾದ್ದು ಅಮೆರಿಕ ಖಂಡದ ಸ್ಪ್ಯಾನಿಷ್‌ಗೆ ಅಂತಲೇ ಎಲ್ಲ ದೇಶಗಳ ಅಕಾಡೆಮಿಗಳು ಸೇರಿ 2010ರಲ್ಲಿ ತಂದ ನಿಘಂಟು. ಅದರಲ್ಲಿ ಪ್ರತಿ ಅರ್ಥಕ್ಕೂ ಯಾವ ದೇಶ ಅಂತ ಗುರುತು ಹಾಕಿದ್ದಾರೆ. ಆನ್‌ಲೈನಿನಲ್ಲಿ ಪುಕ್ಕಟೆ. ರಿವ್ಯೂವರ್ ಜೊತೆ ವಾದ ಮಾಡುವಾಗ ‘ನನ್ನ ಕಿವಿ ಹೇಳುತ್ತದೆ’ ಅನ್ನುವುದಕ್ಕಿಂತ ಆ ಪುಟದ ಚಿತ್ರ ಕಳಿಸಿ. ಅಂಕ ವಾಪಸ್ ಬರುತ್ತದೆ.

---

ಗಂಜ್ ಮೇಲ್ಮನೆ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ‘ಇನ್ ಜಸ್ಟ್ ಎ ಮಿನಿಟ್’ ನನಗೆ ಹೊಳೆದಿರಲಿಲ್ಲ. ಬರೆದಿಟ್ಟುಕೊಂಡೆ. ‘ಯಾದಗಿರಿ ತರಬೇತಿ’ಯನ್ನೂ ರಿವ್ಯೂವರ್‌ಗೆ ತಿಳಿಸುತ್ತೇನೆ!

ಆದರೆ ಕಿವಿಯ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಈ ಕೆಲಸದಲ್ಲಿ ನನಗೆ ಗೊತ್ತಾದ ಒಂದು ಸಂಗತಿ ಇದೆ. ಸ್ಪ್ಯಾನಿಷ್ ವಾಕ್ಯವನ್ನು ಸೀದಾ ಇಂಗ್ಲಿಷಿಗೆ ಎಳೆದರೆ ಏನೋ ಕಳೆದುಹೋಗುತ್ತದೆ. ಮೊದಲು ಅದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ, ಅದೂ ನಮ್ಮ ಮನೆ ಕನ್ನಡದಲ್ಲಿ ಹೇಳಿಕೊಂಡರೆ ಮಾತಿನ ಮರ್ಮ ಸಿಗುತ್ತದೆ. ಆಮೇಲೆ ಇಂಗ್ಲಿಷಿಗೆ ಹೋಗುವುದು ಸುಲಭ.

ಉದಾಹರಣೆಗೆ “ಸೆ ಮೆ ಓಲ್ಬಿದೊ”. ಇಂಗ್ಲಿಷಿನಲ್ಲಿ ‘ಐ ಫರ್ಗಾಟ್’ ಅಂದುಬಿಡುತ್ತೇವೆ. ಮರೆತದ್ದು ನಾನು, ತಪ್ಪು ನನ್ನದು ಅನ್ನುವ ಹಾಗೆ. ಸ್ಪ್ಯಾನಿಷ್‌ನಲ್ಲಿ ಹಾಗಿಲ್ಲ. ‘ನನಗೆ ಮರೆತುಹೋಯಿತು’ ಅಂತಿದೆ. ಕನ್ನಡದಲ್ಲೂ ಅದೇ. “ಸೆ ಮೆ ಕಾಯೊ ಎಲ್ ಬಾಸೊ” ಅಂದರೆ ‘ನಾನು ಲೋಟ ಬೀಳಿಸಿದೆ’ ಅಲ್ಲ, ‘ನನ್ನ ಕೈಯಿಂದ ಲೋಟ ಬಿತ್ತು’. ಬೀಳಿಸಿದ್ದಕ್ಕೂ ಬಿದ್ದದ್ದಕ್ಕೂ ನಡುವಿನ ವ್ಯತ್ಯಾಸ ನಮ್ಮ ಮನೆಯ ಸಣ್ಣ ಹುಡುಗರಿಗೂ ಗೊತ್ತು. ಒಂದಕ್ಕೆ ಏಟು ಬೀಳುತ್ತದೆ, ಇನ್ನೊಂದಕ್ಕೆ ಇಲ್ಲ. ಒಬ್ಬ ಗಿರಾಕಿ, ಡೆಲಿವರಿ ಹುಡುಗನ ಬಗ್ಗೆ “ಸೆ ಲೆ ಕಾಯೆರೊನ್ ಲೋಸ್ ಉವೆಬೊಸ್” ಅಂದಿದ್ದರು. ಅವನ ಕೈಯಿಂದ ಮೊಟ್ಟೆ ಬಿದ್ದುಹೋದವು, ಪಾಪ, ಅಂತ. ಕರಡಿನಲ್ಲಿ ‘ಹಿ ಡ್ರಾಪ್ಡ್ ದಿ ಎಗ್ಸ್’ ಅಂತಿತ್ತು. ದೂರು ಕೊಟ್ಟ ಹಾಗಾಯಿತು. ನಾನು ‘ಹಿ ಆಕ್ಸಿಡೆಂಟಲಿ ಡ್ರಾಪ್ಡ್’ ಅಂತ ಮಾಡಿದೆ. ರಿವ್ಯೂವರ್ ಷರಾ: ‘ಆಕ್ಸಿಡೆಂಟಲಿ’ ಅನ್ನುವ ಪದ ಮೂಲದಲ್ಲಿ ಎಲ್ಲಿದೆ? ಪದ ಇಲ್ಲ ಸ್ವಾಮಿ, ಆ ‘ಸೆ ಲೆ’ ಒಳಗೇ ಇದೆ! ಅದು ಆ ಹುಡುಗನ ಸಂಬಳದ ಮಾತು.

“ಮೆ ಗುಸ್ತಾ” ಕೂಡ ಹಾಗೇ, ‘ನನಗೆ ಇಷ್ಟ’. “ಮೆ ದುವೆಲೆ ಲಾ ಕಬೆಸಾ”, ‘ನನಗೆ ತಲೆ ನೋಯುತ್ತಿದೆ’. ಇಫ್ಲುವಿನಲ್ಲಿ ಇಂಗ್ಲಿಷ್ ಮೀಡಿಯಂನಿಂದ ಬಂದವರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದರು. ನಮಗೆ ಇದು ಊಟ ಮಾಡಿದಷ್ಟು ಸಲೀಸು.

ಕನ್ನಡವೂ ಕೈ ಬಿಡುವ ಜಾಗ ಒಂದಿದೆ. “ಯೆಗೊ” ಅಂದರೆ ಬಂದನಾ, ಬಂದಳಾ, ಬಂತಾ ಏನೂ ತಿಳಿಯದು. “ಸು” ಅಂದರೆ ಅವನ, ಅವಳ, ಅವರ, ನಿಮ್ಮ, ಎಲ್ಲ ಆಗಬಹುದು. “ಸು ಪೆದೀದೊ ಯಾ ಯೆಗೊ” ಅಂದಾಗ ಯಾರ ಆರ್ಡರ್ ಬಂತು? ಮೆಸೇಜನ್ನು ಮೊದಲಿನಿಂದ ಕೇಳದೆ ದಾರಿಯಿಲ್ಲ. ಮನುಷ್ಯರ ವಿಷಯವಾದರೆ ನಾನು ಸುಮ್ಮನೆ ‘ಬಂದರು’ ಅಂದುಕೊಂಡು ಇಂಗ್ಲಿಷಿನಲ್ಲಿ ‘ದೇ’ ಹಾಕುತ್ತೇನೆ. ನಮ್ಮ ಮರ್ಯಾದೆಯ ‘ಅರು’ ಅಲ್ಲಿ ಬಹಳ ಉಪಯೋಗಕ್ಕೆ ಬಂದಿದೆ.

---

ಭಾಲ್ಕಿ ಸಿಸ್ಟರ್

ನಾನು ನರ್ಸ್. ಸ್ಪ್ಯಾನಿಷ್ ಕಲಿತದ್ದು ಹೊರದೇಶದ ಕೆಲಸಕ್ಕೆ ಅಂತ. ತರಗತಿಯಲ್ಲಿ ನಮಗೆ ಒಂದು ಘಟನೆ ಹೇಳಿಕೊಟ್ಟಿದ್ದರು. ನಿಮ್ಮ ರಿವ್ಯೂವರ್‌ಗೂ ಕಳಿಸಿ.

1980ರಲ್ಲಿ ಫ್ಲಾರಿಡಾದ ಒಂದು ಆಸ್ಪತ್ರೆಗೆ 18 ವರ್ಷದ ಹುಡುಗನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ತಂದರು. ಕ್ಯೂಬಾ ಮೂಲದ ಕುಟುಂಬ. ಮನೆಯವರು ‘ಇಂತೊಕ್ಸಿಕಾದೊ’ ಅಂದರು. ತಿಂದದ್ದೇನೋ ವಿಷವಾಗಿದೆ ಅನ್ನುವುದು ಅವರ ಅರ್ಥ. ಕ್ಯೂಬಾದವರು ಆ ಪದವನ್ನು ಹಾಗೇ ಬಳಸುತ್ತಾರೆ. ಅಲ್ಲಿದ್ದವರಿಗೆ ಅದು ಇಂಗ್ಲಿಷಿನ ‘ಇನ್‌ಟಾಕ್ಸಿಕೇಟೆಡ್’ ಅಂತ ಕೇಳಿಸಿತು. ಮಾದಕ ವಸ್ತು ಜಾಸ್ತಿಯಾಗಿದೆ ಅಂತ ಅದಕ್ಕೆ ಚಿಕಿತ್ಸೆ ಶುರು ಮಾಡಿದರು. ನಿಜವಾಗಿ ಆಗಿದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಹುಡುಗನ ಕೈಕಾಲು ಸ್ವಾಧೀನ ತಪ್ಪಿದವು. ಕೊನೆಗೆ ಸುಮಾರು 7.1 ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಅಲ್ಲಿ ಒಬ್ಬ ದುಭಾಷಿಯೂ ಇರಲಿಲ್ಲ. ಎರಡೂ ಕಡೆಯವರಿಗೆ ಮಾತು ತಿಳಿಯಿತು ಅಂತಲೇ ಅನಿಸಿತ್ತು.

ಒಂದೇ ಥರ ಕೇಳಿಸುವ ಪದಗಳ ಮೇಲೆ ನನಗೆ ಅಂದಿನಿಂದ ನಂಬಿಕೆ ಇಲ್ಲ. ಸ್ಪೇನ್‌ನವರು “ಎಸ್ತೊಯ್ ಕೊನ್ಸ್ತಿಪಾದೊ” ಅಂದರೆ ನೆಗಡಿಯಾಗಿದೆ ಅಂತ. ಮಲಬದ್ಧತೆ ಅಂದುಕೊಂಡು ಔಷಧಿ ಕೊಟ್ಟೀರಿ, ಹುಷಾರು. “ಎಂಬರಸಾದಾ” ಅಂದರೆ ಗರ್ಭಿಣಿ, ನಾಚಿಕೆಗೂ ಅದಕ್ಕೂ ಸಂಬಂಧವಿಲ್ಲ.

---

ಆಳಂದ ರಸ್ತೆ ಮೇಷ್ಟ್ರು

ಸಿಸ್ಟರ್ ಹೇಳಿದ್ದು ದೊಡ್ಡ ಮಾತು.

ಗಂಜ್‌ನ ತಾಯಿಗೆ ಮತ್ತೆ ಒಂದು ಎಚ್ಚರಿಕೆ. ಕನ್ನಡದ ಮೂಲಕ ಹೋಗಿ, ಬೇಡ ಅನ್ನುವುದಿಲ್ಲ. ‘ಸೆ ಲೆ ಕಾಯೆರೊನ್’ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕನ್ನಡವೂ ಕೆಲವು ಕಡೆ ದಾರಿ ತಪ್ಪಿಸುತ್ತದೆ. ನಿಮ್ಮ ‘ಬರ್ತೀನಿ’ಯನ್ನೇ ತೆಗೆದುಕೊಳ್ಳಿ. ನಾವು ಬೆಂಗಳೂರಿಗೆ ಹೋಗುವಾಗಲೂ ‘ಬರ್ತೀನಿ’ ಅನ್ನುತ್ತೇವೆ, ತಿಂಗಳುಗಟ್ಟಲೆ ಬರದಿದ್ದರೂ. ‘ಹೋಗ್ತೀನಿ’ ಅನ್ನಬಾರದು, ಅಪಶಕುನ, ಅಷ್ಟೇ ಕಾರಣ. ‘ಅಓರೀತಾ ಬೆಂಗೊ’ದಲ್ಲಿ ಶಕುನ ಇಲ್ಲ. ಹುಡುಗ ನಿಜವಾಗಿಯೂ ಬೇಗ ವಾಪಸ್ ಬರುತ್ತಾನೆ ಅಂತಲೇ ಅರ್ಥ. ‘ಬಿ ರೈಟ್ ಬ್ಯಾಕ್’ ಅಲ್ಲಿ ಸರಿಯಾಗಿ ಕೂತಿತು. ಆದರೆ ಯಾರಾದರೂ ಬೀಳ್ಕೊಡುಗೆಯ ಮಾತನ್ನು ನೀವು ಅದೇ ದಾರಿಯಲ್ಲಿ ‘ಬಿ ರೈಟ್ ಬ್ಯಾಕ್’ ಮಾಡಿದರೆ ಕಷ್ಟ.

ಇನ್ನೊಂದು ‘ಉಸ್ತೆದ್’, ಅಂದರೆ ‘ನೀವು’. ನಮಗೆ ನೀವು ಅಂದರೆ ದೂರ, ಗೌರವ. ಸ್ಪೇನ್‌ಗೂ ಮೆಕ್ಸಿಕೊಗೂ ಅದು ಹೆಚ್ಚುಕಡಿಮೆ ಹೊಂದುತ್ತದೆ. ಕೊಲಂಬಿಯಾದ ಬೊಗೊಟಾ ಕಡೆ ಹೋಗಿ ನೋಡಿ. ಗಂಡಹೆಂಡತಿ ಒಬ್ಬರಿಗೊಬ್ಬರು ‘ಉಸ್ತೆದ್’ ಅಂದುಕೊಳ್ಳುತ್ತಾರೆ, ತಾಯಿ ಮಗುವಿಗೂ ಅನ್ನುತ್ತಾಳೆ. ಜಗಳವೂ ಇಲ್ಲ, ಬಿಗುವೂ ಇಲ್ಲ. ಅದನ್ನು ಕೇಳಿ ಇಂಗ್ಲಿಷಿನಲ್ಲಿ ‘ಸರ್, ಮೇಡಂ’ ಸೇರಿಸಿದರೆ ಮನೆಮಂದಿಯನ್ನು ಆಫೀಸಿನಲ್ಲಿ ಕೂರಿಸಿದ ಹಾಗೆ.

‘ಓಹಲಾ’ ಕೂಡ ಕಿವಿಗೆ ಮೋಸ ಮಾಡುತ್ತದೆ. ಅರಬ್ಬಿಯಿಂದ ಬಂದದ್ದು, ಒಳಗೆ ‘ಅಲ್ಲಾ’ ಇದ್ದಾನೆ. ಕ್ರಿ.ಶ. 711ರಿಂದ 1492ರವರೆಗೆ ಸ್ಪೇನ್ ನೆಲದ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಳ್ವಿಕೆ ಇತ್ತಲ್ಲ, ಆ ಕಾಲದ ಗುರುತು. ಕಲಬುರಗಿಯವರಿಗೆ ತಟ್ಟನೆ ‘ಇನ್ಷಾ ಅಲ್ಲಾ’ ನೆನಪಾಗುತ್ತದೆ. ಆದರೆ ದರ್ಗಾ ಕಡೆಯ ಅಂಗಡಿಯವರು “ಇನ್ಷಾ ಅಲ್ಲಾ ಕಲ್ ದೇತುಂ” ಅಂದರೆ ಕೊಡುವ ಮಾತು ಅದು. ‘ಓಹಲಾ’ದಲ್ಲಿ ಮಾತು ಕೊಡುವುದು ಇಲ್ಲವೇ ಇಲ್ಲ, ಬರೀ ಆಸೆ. “ಓಹಲಾ ಯೆಗೆ ಮಾನ್ಯಾನಾ” ಅಂದರೆ ‘ಐ ಹೋಪ್ ಇಟ್ ಅರೈವ್ಸ್ ಟುಮಾರೊ’. ‘ವಿಲ್’ ಹಾಕಿ ಭರವಸೆ ಮಾಡಬೇಡಿ.

---

ಕೋಟೆ ಹಿಂದಿನ ಮನೆ, ಬೀದರ್

ಮೇಷ್ಟ್ರು ಕೊಲಂಬಿಯಾ ಅಂದದ್ದಕ್ಕೆ ನೆನಪಾಯಿತು. ನಮ್ಮ ತಂಡದಲ್ಲಿ ಒಬ್ಬ ಬೊಗೊಟಾದವನಿದ್ದ. ಕ್ಯಾಂಟೀನಿನಲ್ಲಿ “ಮೆ ರೆಗಾಲಾ ಉನ್ ತಿಂತೊ?” ಅಂದ. ಪದಕ್ಕೆ ಪದ ಹಾಕಿದರೆ ‘ನನಗೆ ಒಂದು ತಿಂತೊ ಉಡುಗೊರೆ ಕೊಡುತ್ತೀರಾ’. ಸ್ಪೇನ್‌ನಲ್ಲಿ ತಿಂತೊ ಅಂದರೆ ಕೆಂಪು ವೈನ್. ಅವನು ಕೇಳಿದ್ದು ಹಾಲಿಲ್ಲದ ಕಾಫಿ, ಅದೂ ದುಡ್ಡು ಕೊಟ್ಟು! ಮೆಕ್ಸಿಕೊದ ಹುಡುಗಿ ಬೆಪ್ಪಾಗಿ ನೋಡಿದಳು. ಅಕ್ಕಾ, ಕೊಲಂಬಿಯಾದ ಗಿರಾಕಿ ‘ರೆಗಾಲಾ’ ಅಂದರೆ ಪುಕ್ಕಟೆ ಕೇಳುತ್ತಿದ್ದಾರೆ ಅಂತ ಬರೆಯಬೇಡಿ. ‘ಕುಡ್ ಐ ಹ್ಯಾವ್’ ಸಾಕು. “ಕೆ ಪೆನಾ ಕೊನ್ ಉಸ್ತೆದ್” ಅಂದರೂ ಅಯ್ಯೋ ಪಾಪ ಅಂತ ಅಲ್ಲ, ‘ಐ ಆಮ್ ಸೋ ಸಾರಿ’. ಸ್ಪೇನ್‌ನಲ್ಲಿ ಬರೀ ‘ಕೆ ಪೆನಾ’ ಅಂದರೆ ಛೇ, ಪಾಪ.

---

ಗಂಜ್ ಮೇಲ್ಮನೆ, ಕಲಬುರಗಿ

ಮೇಷ್ಟ್ರೇ, ‘ಬರ್ತೀನಿ’ ವಿಷಯ ಒಪ್ಪಿದೆ. ‘ಓಹಲಾ’ ಬಗ್ಗೆ ಮಾತ್ರ ಪೂರ್ತಿ ಒಪ್ಪಲಾರೆ. ನಮ್ಮ ಟೇಲರ್‌ಗಳ ‘ಇನ್ಷಾ ಅಲ್ಲಾ’ ಕೂಡ ಬರೀ ಆಸೆಯೇ, ರಂಜಾನ್ ಹೊತ್ತಿಗೆ ಬಟ್ಟೆ ಹೊಲಿಸಿ ನೋಡಿ.

ರಿವ್ಯೂವರ್ ಜೊತೆ ಮಾತಾಡಿದೆ. ನಿಘಂಟಿನ ಪುಟ, ಸಿಸ್ಟರ್ ಹೇಳಿದ ಘಟನೆ, ಎರಡೂ ಕಳಿಸಿದೆ. ಮೊದಲು ಬಿಗಿಯಾಗೇ ಇದ್ದರು. ಆದರೆ ಅವರ ಮನಸ್ಸು ತಿರುಗಿಸಿದ್ದು ಇವ್ಯಾವುದೂ ಅಲ್ಲ, ತೊಗರಿ!

ಪೋರ್ಟೊ ರಿಕೊದ ಒಬ್ಬ ಅಜ್ಜಿಯ ಮೆಸೇಜ್ ಬಂತು. ಕ್ರಿಸ್‌ಮಸ್ ಅಡುಗೆಗೆ ಸಾಮಾನು ತರಿಸಿದ್ದರು. “ಫಾಲ್ತಾರೊನ್ ಲೋಸ್ ಗಾಂದೂಲೆಸ್” ಅಂದರು. ಮಷಿನ್ ಕರಡು: ‘ದಿ ಲೇಜಿ ಒನ್ಸ್ ವರ್ ಮಿಸ್ಸಿಂಗ್’. ರಿವ್ಯೂವರ್ ಅದನ್ನು ಓದಿ, ಕೆಲಸಗಾರರನ್ನು ಸೋಮಾರಿಗಳು ಅಂತ ಬೈದಿದ್ದಾರೆ ಅಂದುಕೊಂಡು ಕೆಂಪು ಗುರುತು ಹಾಕಿದ್ದರು. ಸ್ಪೇನ್‌ನಲ್ಲಿ ‘ಗಾಂದುಲ್’ ಅಂದರೆ ಸೋಮಾರಿ, ನಿಜ. ಆದರೆ ಅಜ್ಜಿ ಇರುವುದು ಪೋರ್ಟೊ ರಿಕೊದಲ್ಲಿ. ಅಲ್ಲಿ ಗಾಂದುಲ್ ಅಂದರೆ ತೊಗರಿ! ‘ಅರೋಸ್ ಕೊನ್ ಗಾಂದೂಲೆಸ್’, ತೊಗರಿಕಾಳು ಹಾಕಿದ ಅನ್ನ, ಅಲ್ಲಿನವರ ಹೆಮ್ಮೆಯ ಅಡುಗೆ. ಕ್ರಿಸ್‌ಮಸ್‌ಗೆ ಅದಿಲ್ಲದೆ ನಡೆಯುವುದಿಲ್ಲ. ನಮ್ಮ ಹಾಗೆ ಬೇಳೆ ಒಡೆಯುವುದಿಲ್ಲ, ಹಸಿ ಕಾಳನ್ನೇ ಹಾಕುತ್ತಾರೆ, ಡಬ್ಬಿಯಲ್ಲೂ ಸಿಗುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಗ್ವಾಂದೂಲೆಸ್, ಪನಾಮಾದಲ್ಲಿ ಗ್ವಾಂದು, ವೆನೆಜುವೆಲಾದಲ್ಲಿ ಕಿಂಚೊಂಚೊ. ಕಾಳು ಹೋದದ್ದು ಇಲ್ಲಿಂದಲೇ, ಆಫ್ರಿಕಾ ದಾಟಿಕೊಂಡು, ಗುಲಾಮರನ್ನು ಸಾಗಿಸಿದ ಹಡಗುಗಳ ಕಾಲದಲ್ಲಿ.

ಅಂಗಡಿಗೆ ಇಳಿದು ಮಾವನವರ ಮುಂದಿದ್ದ ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ಫೋಟೊ ಹೊಡೆದೆ. “2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕ ಕಲಬುರಗಿ ತೊಗರಿ ಇದು, ಅಜ್ಜಿ ಕೇಳುತ್ತಿರುವುದು ಇದನ್ನೇ” ಅಂತ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಮಾವನವರಿಗೆ ವಿಷಯ ಹೇಳಿದರೆ ಅವರು ಕೇಳಿದ್ದು ಒಂದೇ ಮಾತು, “ಅಲ್ಲಿ ಕ್ವಿಂಟಾಲಿಗೆ ಏನು ರೇಟು ನಡದದ?”

ಈಗ ನಮ್ಮ ಶೀಟಿನಲ್ಲಿ ಗಿರಾಕಿಯ ದೇಶಕ್ಕೆ ಅಂತ ಬೇರೆ ಕಾಲಂ ಬಂದಿದೆ. ಅರ್ಥ ಎರಡಿದ್ದರೆ ಒಂದು ಸಾಲು ಟಿಪ್ಪಣಿಗೂ ಜಾಗ ಕೊಟ್ಟಿದ್ದಾರೆ. ಕಡಿದ ಅಂಕ ಮಾತ್ರ ಕೊಡಲಿಲ್ಲ.

ಇನ್ನೊಂದೇ ಒಂದು ಕೇಳಿಬಿಡುತ್ತೇನೆ. “ಇಗ್ವಾಲ್ ಬೊಯ್” ಅಂದಿದ್ದಾರೆ ಒಬ್ಬರು. ಅಂಗಡಿಗೆ ತಾವೇ ಹೋಗಿ ಸಾಮಾನು ತೆಗೆದುಕೊಳ್ಳುವ ವಿಷಯ. ‘ಮೇ ಬಿ ಐ ವಿಲ್ ಗೋ’ ಅಂತ ಹಾಕಲಾ?

---

ಆಳಂದ ರಸ್ತೆ ಮೇಷ್ಟ್ರು

ಹೊಸ ಕಾಲಂನಲ್ಲಿ ಏನಿದೆ? ಸ್ಪೇನ್‌ನವರಾದರೆ ‘ಹೋದರೂ ಹೋದೇನು’. ಅರ್ಜೆಂಟೀನಾ, ಚಿಲಿ ಕಡೆಯವರಾದರೆ ‘ಏನೇ ಆಗಲಿ, ಹೋಗೇ ಹೋಗ್ತೀನಿ’.

---

ಗಂಜ್ ಮೇಲ್ಮನೆ, ಕಲಬುರಗಿ

ಚಿಲಿ.

---

ಆಳಂದ ರಸ್ತೆ ಮೇಷ್ಟ್ರು

ಹಾಗಾದರೆ ‘ಐ ಆಮ್ ಗೋಯಿಂಗ್ ಎನಿವೇ’. ಸಾಮಾನು ಕಟ್ಟಿಡಲು ಹೇಳಿ.